ಜೋಗತಿ ಕಲೆ: ಹೊಸಪೇಟೆ ಸೀಮೆಯ ಇತಿಹಾಸ

ಎಲ್ಲಮ್ಮ, ಹುಲಿಗೆಮ್ಮ ದೇವಿಯರಿಗೆ ಸಮರ್ಪಿತರಾದ ಗುರುತಾಗಿ ಮುತ್ತು ಕಟ್ಟಿಸಿಕೊಂಡವರು ನಡೆಸಿಕೊಂಡು ಬಂದಿರುವ ಹಾಡು, ಕುಣಿತ, ಕಥನಗಳ ಪರಂಪರೆಯೇ ಜೋಗತಿ ಕಲೆ. ಸವದತ್ತಿಯ ಎಲ್ಲಮ್ಮನ ಗುಡ್ಡ ಇದರ ದೊಡ್ಡ ನೆಲೆ. ಚಿತ್ತವಾಡ್ಗಿ, ಹೊಸಪೇಟೆ ಕಡೆಯವರಿಗೆ ಹತ್ತಿರದ ಗುಡಿ ತುಂಗಭದ್ರೆಯ ಆಚೆ ದಡದ ಹುಲಿಗಿ. ಹೆಣ್ಣಾಗಿ ಹುಟ್ಟಿದ ಜೋಗತಿಯರಷ್ಟೇ ಅಲ್ಲ, ಗಂಡಾಗಿ ಹುಟ್ಟಿ ಸೀರೆ ಉಟ್ಟು ಬದುಕುವ ಜೋಗಪ್ಪಗಳೂ ಇದರ ಕಲಾವಿದರು. ಲಿಂಗದ ಪ್ರಶ್ನೆ ನಮ್ಮ ಕಲಾವಿಮರ್ಶೆಗೆ ಬರುವ ಎಷ್ಟೋ ಮೊದಲೇ ಇವರ ಮೈಯಲ್ಲಿ, ಹಾಡಿನಲ್ಲಿ ಅದು ಇತ್ತು.

ದೇವಿಯ ಮುಖವಿಟ್ಟು, ನವಿಲುಗರಿ, ಬೇವಿನ ಸೊಪ್ಪಿನಿಂದ ಸಿಂಗರಿಸಿದ ಕೊಡವನ್ನು ತಲೆಯ ಮೇಲೆ ಹೊತ್ತು ಕುಣಿಯುವುದು ಈ ಕಲೆಯ ಮುಖ್ಯ ಲಕ್ಷಣ. ಕೈ ಕೊಡವನ್ನು ಮುಟ್ಟುವುದಿಲ್ಲ. ಕಾಲು ತಾಳಕ್ಕೆ ಓಡುತ್ತಿದ್ದರೂ ಕುತ್ತಿಗೆ ನಿಂತಲ್ಲೇ ನಿಂತಿರಬೇಕು. ಕಲಾವಿದೆ ಬಾಗುತ್ತಾಳೆ, ಕೂರುತ್ತಾಳೆ, ಗಿರಕಿ ಹೊಡೆಯುತ್ತಾಳೆ, ಕೊಡ ಮಾತ್ರ ಕದಲುವುದಿಲ್ಲ. ಹಿಮ್ಮೇಳಕ್ಕೆ ಚೌಡಿಕೆ. ಒಂದು ಬದಿಗೆ ಚರ್ಮ ಬಿಗಿದು, ಅದರ ನಡುವಿನಿಂದ ಒಂದೇ ತಂತಿ ಎಳೆದಿರುವ ಈ ವಾದ್ಯವನ್ನು ಕಂಕುಳಲ್ಲಿ ಅವುಚಿಕೊಂಡು ಮೀಟುತ್ತಾರೆ. ಹಾಡುವ ಕಥೆ ಹೆಚ್ಚಾಗಿ ರೇಣುಕೆಯದು: ಗಂಡ ಜಮದಗ್ನಿಯ ಕೋಪಕ್ಕೆ ಸಿಕ್ಕಿ, ಮಗ ಪರಶುರಾಮನ ಕೊಡಲಿಗೆ ತಲೆಗೊಟ್ಟು, ಮತ್ತೆ ದೇವಿ ಎಲ್ಲಮ್ಮನಾಗಿ ಎದ್ದವಳು. ಮನೆಯಿಂದ ಹೊರಬಿದ್ದವರು ಈ ಕಥೆಯನ್ನು ತಮ್ಮದೇ ಎಂಬಂತೆ ಹಾಡುವುದು ಸಹಜವೇ. ಮಂಗಳವಾರ, ಶುಕ್ರವಾರ ಮನೆ ಮನೆಗೆ ಹೋಗಿ ಜೋಗ, ಅಂದರೆ ದೇವಿಯ ಹೆಸರಿನ ಭಿಕ್ಷೆ, ಬೇಡುವಾಗ ನಡೆಯುತ್ತಿದ್ದ ಈ ಹಾಡು ಕುಣಿತವನ್ನು ಬಹುಕಾಲ ಯಾರೂ ಕಲೆ ಎಂದು ಕರೆಯಲಿಲ್ಲ.

ಲಿಂಗ ದಾಟಿದ ವೇಷ ಬೇರೆ ಕಲೆಗಳಲ್ಲೂ ಉಂಟು: ಬಯಲಾಟದಲ್ಲಿಯೂ ಕಂಪನಿ ನಾಟಕಗಳಲ್ಲಿಯೂ ಗಂಡಸರು ಸ್ತ್ರೀಪಾತ್ರ ಮಾಡಿದ್ದಾರೆ. 1958ರಲ್ಲಿ ಮೈಸೂರಿನಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿದ ಆರ್. ನಾಗರತ್ನಮ್ಮ ರಾವಣ, ಕಂಸರಂಥ ಪಾತ್ರಗಳಲ್ಲಿ ಮೆರೆದರು. ಆದರೆ ಆಟ ಮುಗಿದ ಮೇಲೆ ಅಲ್ಲಿ ಬಣ್ಣ ಕಳಚುತ್ತದೆ. ಜೋಗಪ್ಪನ ಸೀರೆ ಹಾಗಲ್ಲ. ಬೆಳಗಾದರೂ ಅದೇ ಸೀರೆ, ಅದೇ ಬೀದಿ, ಅದೇ ಜನರ ನೋಟ.

ಈ ಕಲೆಯನ್ನು ಬೀದಿಯಿಂದ ವೇದಿಕೆಗೆ ತಂದವರಲ್ಲಿ ದೊಡ್ಡ ಹೆಸರು ಬಿ. ಮಂಜಮ್ಮ ಜೋಗತಿ. ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ ಮಂಜುನಾಥ ಶೆಟ್ಟಿಯಾಗಿ ಹುಟ್ಟಿದ ಇವರಿಗೆ ಹದಿಹರೆಯದಲ್ಲಿ ಹುಲಿಗಿಯಲ್ಲಿ ದೀಕ್ಷೆಯಾಯಿತು. ಮನೆ ಬಿಟ್ಟ ಮೇಲಿನ ವರ್ಷಗಳು ಭಿಕ್ಷೆ, ಹಲ್ಲೆ, ಸಾಯುವ ಯತ್ನ ಎಲ್ಲವನ್ನೂ ಕಂಡವು. ದಾವಣಗೆರೆಯಲ್ಲಿ ತಂದೆ ಹಾಡುತ್ತ, ಮಗ ಕೊಡ ಹೊತ್ತು ಕುಣಿಯುವುದನ್ನು ನೋಡಿ ಈ ವಿದ್ಯೆಗೆ ಮನಸೋತರು. ಮುಂದೆ ಹಗರಿಬೊಮ್ಮನಹಳ್ಳಿಯ ಕಾಳವ್ವ ಜೋಗತಿಯ ಮೇಳ ಸೇರಿ, ಗುರು ತೀರಿಕೊಂಡ ಮೇಲೆ ಮೇಳವನ್ನು ತಾವೇ ಮುನ್ನಡೆಸಿದರು. ಹೊಸಪೇಟೆ ಬಳಿಯ ಮರಿಯಮ್ಮನಹಳ್ಳಿ ಇವರ ನೆಲೆಯಾಯಿತು. 2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಆ ಕುರ್ಚಿಯಲ್ಲಿ ಕೂತ ಮೊದಲ ಲಿಂಗತ್ವ ಅಲ್ಪಸಂಖ್ಯಾತರು ಇವರು. ಅರುಣ್ ಜೋಳದಕೂಡ್ಲಿಗಿ ನಿರೂಪಿಸಿದ ಇವರ ಆತ್ಮಕಥನ ‘ನಡುವೆ ಸುಳಿವ ಹೆಣ್ಣು’. 2021ರ ನವೆಂಬರಿನಲ್ಲಿ ಪದ್ಮಶ್ರೀ ಸ್ವೀಕರಿಸುವಾಗ ಸೆರಗು ಹಿಡಿದು ರಾಷ್ಟ್ರಪತಿ ರಾಮನಾಥ ಕೋವಿಂದರ ದೃಷ್ಟಿ ತೆಗೆದದ್ದನ್ನು ದೇಶವೇ ನೋಡಿತು. ಜೋಗ ಬೇಡಲು ಹೋದ ಮನೆಗಳಲ್ಲಿ ಹರಸುವ ರೀತಿಯನ್ನೇ ಮಂಜಮ್ಮ ರಾಷ್ಟ್ರಪತಿ ಭವನದಲ್ಲೂ ಬಿಡಲಿಲ್ಲ.

ಮೈ, ವೇಷ, ಗುರುತಿನ ಇಂಥ ಪ್ರಶ್ನೆಗಳನ್ನು ಕನ್ನಡ ನಾಡಿನ ಬೇರೆ ಕಲಾವಿದರು ಬೇರೆ ದಾರಿಯಲ್ಲಿ ಹಿಡಿದಿದ್ದಾರೆ. ಬೆಂಗಳೂರಿನ ಪುಷ್ಪಮಾಲಾ ಎನ್. ಅವರು ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ 2000ದಿಂದ 2004ರವರೆಗೆ ಮಾಡಿದ ಛಾಯಾಚಿತ್ರ ಸರಣಿಯಲ್ಲಿ ದಕ್ಷಿಣ ಭಾರತದ ‘ಸ್ಥಳೀಯ ಹೆಣ್ಣುಗಳ’ ವೇಷಗಳನ್ನು ತಾವೇ ಧರಿಸಿದರು. ಬ್ರಿಟಿಷರ ಕಾಲದ ಮಾನವಶಾಸ್ತ್ರಜ್ಞರು ಜನರನ್ನು ಚೌಕಳಿ ಪರದೆಯ ಮುಂದೆ ನಿಲ್ಲಿಸಿ ಮೈ ಅಳೆದದ್ದೂ ಅದರಲ್ಲಿ ಬರುತ್ತದೆ. ಆಫ್ರಿಕಾ ಮೂಲದ ಉತ್ತರ ಕನ್ನಡದ ಸಿದ್ದಿಗಳ ಜೊತೆ ಚಿದಂಬರರಾವ್ ಜಂಬೆ ಅವರು ನೈಜೀರಿಯಾದ ಲೇಖಕ ಚಿನುವಾ ಅಚಿಬೆಯ ಕಾದಂಬರಿಯನ್ನು ರಂಗಕ್ಕೆ ತಂದರು. ಲಿಂಗತ್ವ ಅಲ್ಪಸಂಖ್ಯಾತ ಲೇಖಕಿ ಎ. ರೇವತಿಯವರ ಆತ್ಮಕಥೆ ಹೆಗ್ಗೋಡಿನ ‘ಜನಮನದಾಟ’ ತಂಡದಿಂದ ‘ಬದುಕು ಬಯಲು’ ನಾಟಕವಾಯಿತು.

ಜೋಗತಿ ಕಲೆಯ ಇಂದಿನ ಸ್ಥಿತಿಯಲ್ಲಿ ಒಂದು ತೊಡಕಿದೆ. 1982ರ ಕರ್ನಾಟಕ ದೇವದಾಸಿಯರ ಸಮರ್ಪಣೆ ನಿಷೇಧ ಕಾಯ್ದೆ ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದನ್ನು ಅಪರಾಧವೆಂದಿತು. ಅದು ಸರಿಯೇ, ಮುತ್ತಿನ ಹೆಸರಿನಲ್ಲಿ ಬಡ ಮತ್ತು ದಲಿತ ಕುಟುಂಬಗಳ ಹುಡುಗಿಯರು ಅನುಭವಿಸಿದ್ದನ್ನು ಯಾವ ಕಲೆಯೂ ಸಮರ್ಥಿಸಲಾರದು. ಆದರೆ ಹಾಡು, ಚೌಡಿಕೆ, ಕೊಡದ ಕುಣಿತ ಎಲ್ಲವೂ ಮುತ್ತಿನ ಬೆನ್ನಿಗೇ ಬಂದವು. ಮಂಜಮ್ಮನಂಥವರು ವೇದಿಕೆಗೆ ತಂದದ್ದರಿಂದ, ಮುತ್ತು ಕಟ್ಟಿಸಿಕೊಳ್ಳದವರೂ ಇದನ್ನು ಕಲಿಯುವ ದಾರಿ ತೆರೆದಿದೆ. ಕಲಿಸುವ ಜೋಗಪ್ಪಗಳಿಗೆ ಬಾಡಿಗೆ ಮನೆ ಸಿಗುವುದು ಮಾತ್ರ ಈಗಲೂ ಕಷ್ಟ.