ಒಂದು @ ಚಿಹ್ನೆಗಾಗಿ ನಡೆದ ಜಗಳ: ಪೈಥಾನ್ ಡೆಕೊರೇಟರ್ ಕಥೆ

ಪೈಥಾನ್‌ನಲ್ಲಿ ಕೆಲಸ ಮಾಡೋ ನಾವೆಲ್ಲ ದಿನಕ್ಕೆ ಹತ್ತು ಸಲ ಫಂಕ್ಷನ್ ತಲೆ ಮೇಲೆ ಒಂದು @ ಹಾಕ್ತೀವಿ. ಫ್ಲಾಸ್ಕ್‌ನಲ್ಲಿ ರೂಟ್ ಕೊಡೋಕೂ ಅದೇ, ಪೈಟೆಸ್ಟ್‌ನಲ್ಲಿ ಫಿಕ್ಸ್‌ಚರ್ ಬರೆಯೋಕೂ ಅದೇ. ಆ ಪುಟ್ಟ ಚಿಹ್ನೆ ಅಲ್ಲಿಗೆ ಬರೋ ಮುಂಚೆ ಎಷ್ಟು ಜಗಳ ಆಗಿತ್ತು ಅನ್ನೋದು ಇವತ್ತಿನ ಮಾತು.

ಡೆಕೊರೇಟರ್ ಅಂದ್ರೆ ಮಾಯಾಜಾಲ ಏನಲ್ಲ. ಅದು ಒಂದು ಫಂಕ್ಷನ್ ತಗೊಂಡು, ಅದರ ಜಾಗಕ್ಕೆ ಇನ್ನೊಂದನ್ನು ಕೊಡುತ್ತೆ. ಆ ಇನ್ನೊಂದು ಸಾಮಾನ್ಯವಾಗಿ ಹಳೇ ಫಂಕ್ಷನ್ನನ್ನೇ ಕರೆಯುತ್ತೆ, ಹಿಂದೆ ಮುಂದೆ ಸ್ವಲ್ಪ ಕೆಲಸ ಸೇರಿಸುತ್ತೆ. ಇದಕ್ಕೆ @ ಬೇಕೇಬೇಕು ಅಂತೇನಿಲ್ಲ. 2001ರ ಡಿಸೆಂಬರ್‌ನಲ್ಲಿ ಬಂದ ಪೈಥಾನ್ 2.2ರಲ್ಲೇ ಕ್ಲಾಸ್‌ಮೆಥಡ್, ಸ್ಟ್ಯಾಟಿಕ್‌ಮೆಥಡ್ ಎರಡೂ ಇದ್ದವು. ಆದರೆ ಮೊದಲು ಮೆಥಡ್ ಪೂರ್ತಿ ಬರೆದು, ಅದರ ಕೆಳಗೆ ಆ ಹೆಸರನ್ನು ಕ್ಲಾಸ್‌ಮೆಥಡ್‌ಗೆ ಕೊಟ್ಟು, ಬಂದದ್ದನ್ನು ಮತ್ತೆ ಅದೇ ಹೆಸರಿಗೆ ಅಸೈನ್ ಮಾಡಬೇಕಿತ್ತು. ಒಂದೇ ಹೆಸರು ಮೂರು ಸಲ!

ಟೈಪ್ ಮಾಡೋ ಶ್ರಮ ಸಣ್ಣದು. ಕಷ್ಟ ಇದ್ದದ್ದು ಓದುವವರಿಗೆ. ಐವತ್ತು ಸಾಲಿನ ಮೆಥಡ್ ಓದಿ ಮುಗಿಸಿದ ಮೇಲೆ, ಕೊನೇ ಸಾಲಿನಲ್ಲಿ "ಇದು ಕ್ಲಾಸ್‌ಮೆಥಡ್" ಅಂತ ಗೊತ್ತಾದರೆ ಏನು ಪ್ರಯೋಜನ? ಊಟ ಮುಗಿದ ಮೇಲೆ ಎಲೆ ಹಾಕಿದ ಹಾಗೆ.

ಇದನ್ನು ಸರಿಪಡಿಸೋಕೆ 2003ರ ಜೂನ್‌ನಲ್ಲಿ ಪೆಪ್ 318 ಅನ್ನೋ ಪ್ರಸ್ತಾವ ಶುರುವಾಯಿತು. ಸೌಲಭ್ಯ ಬೇಕು ಅನ್ನೋದಕ್ಕೆ ಹೆಚ್ಚು ತಕರಾರು ಇರಲಿಲ್ಲ. ಎಲ್ಲಿ ಬರೆಯೋದು, ಹೇಗೆ ಬರೆಯೋದು ಅನ್ನೋದೇ ಜಗಳ. ಡೆಫ್ ಸಾಲಿನ ಮೇಲೆ ಚೌಕ ಆವರಣದಲ್ಲಿ ಇಡೋಣ ಅಂದರು ಕೆಲವರು. ಆರ್ಗ್ಯುಮೆಂಟ್‌ಗಳ ನಂತರ ಇಡೋಣ ಅಂದರು ಇನ್ನು ಕೆಲವರು. ಗೈಡೊ ವ್ಯಾನ್ ರಾಸಮ್ @ ಕಡೆ ವಾಲಿದರು. 2004ರ ಆಗಸ್ಟ್‌ನಲ್ಲಿ 2.4ರ ಎರಡನೇ ಆಲ್ಫಾದಲ್ಲಿ ಅದು ಬಂದೇಬಿಟ್ಟಿತು. ನೋಡೋಕೆ ಕಡುಬಿನ ಥರ ದುಂಡಗಿದೆ ಅಂತ ಅದಕ್ಕೆ 'ಪೈ' ಡೆಕೊರೇಟರ್ ಅನ್ನೋ ಅಡ್ಡಹೆಸರೂ ಬಿತ್ತು.

ಬಹಳ ಜನಕ್ಕೆ ಅದು ಹಿಡಿಸಲಿಲ್ಲ. ಅವರ ಒಂದು ಆಕ್ಷೇಪಣೆ ಗಟ್ಟಿಯಾಗೇ ಇತ್ತು: ಪೈಥಾನ್‌ನಲ್ಲಿ ಒಂದು ಸಾಲು ತನ್ನ ಮುಂದಿನ ಸಾಲಿನ ಅರ್ಥ ಬದಲಿಸೋದು ಅಲ್ಲಿಯವರೆಗೆ ಇರಲೇ ಇಲ್ಲ. ಗೈಡೊ ಒಂದು ಅವಕಾಶ ಕೊಟ್ಟರು: ಎಲ್ಲರೂ ಸೇರಿ ಒಂದೇ ಪರ್ಯಾಯಕ್ಕೆ ಒಪ್ಪಿ, ಅದನ್ನು ಮಾಡಿ ತೋರಿಸಿ, ನೋಡ್ತೀನಿ. ಜನ ನಿಜಕ್ಕೂ ಒಟ್ಟಾದರು, 'ಯೂಸಿಂಗ್' ಅನ್ನೋ ಪದದಿಂದ ಶುರುವಾಗೋ ಒಂದು ಬ್ಲಾಕ್ ಸೂಚಿಸಿದರು. ಗೈಡೊ ಅದನ್ನೂ ಒಪ್ಪಲಿಲ್ಲ. 2004ರ ನವೆಂಬರ್ 30ರಂದು ಪೈಥಾನ್ 2.4 ಬಂದಾಗ @ ಹಾಗೇ ಉಳಿದಿತ್ತು.

ಒಂದು ತೊಂದರೆ ಮಾತ್ರ ಬಾಕಿ ಇತ್ತು. ಸುತ್ತಿದ ಮೇಲೆ ಫಂಕ್ಷನ್ ತನ್ನ ಹೆಸರು, ಡಾಕ್‌ಸ್ಟ್ರಿಂಗ್ ಎರಡನ್ನೂ ಕಳಕೊಳ್ಳುತ್ತೆ. 2006ರ ಪೈಥಾನ್ 2.5ರಲ್ಲಿ ಫಂಕ್‌ಟೂಲ್ಸ್‌ನ ರ‍್ಯಾಪ್ಸ್ ಬಂದದ್ದು ಇದಕ್ಕೇ. ನಾನು ಹಿಂದೆ ಇದ್ದ ಒಂದು ಟೀಮ್‌ನಲ್ಲಿ ಅದನ್ನು ಹಾಕದ ಹಳೇ ಡೆಕೊರೇಟರ್ ಒಂದಿತ್ತು. ರಾತ್ರಿ ಎರಡು ಗಂಟೆಗೆ ಪ್ರೊಡಕ್ಷನ್ ಬಿದ್ದಾಗ ಲಾಗ್ ತೆಗೆದರೆ ಎಲ್ಲ ಫಂಕ್ಷನ್‌ಗೂ ಒಂದೇ ಹೆಸರು: 'ರ‍್ಯಾಪರ್'. ಯಾವುದು ಪೇಮೆಂಟ್, ಯಾವುದು ಲಾಗಿನ್ ಅಂತ ಹುಡುಕೋದ್ರಲ್ಲೇ ಬೆಳಗಾಯಿತು. ಒಂದು ಸಾಲು ಇದ್ದಿದ್ದರೆ ನಿದ್ದೆ ಉಳೀತಿತ್ತು.

ಆಮೇಲೆ 2008ರಲ್ಲಿ ಕ್ಲಾಸ್‌ಗಳಿಗೂ ಡೆಕೊರೇಟರ್ ಬಂತು. 2020ರಲ್ಲಿ, ಪೈಥಾನ್ 3.9ರಿಂದ, @ ಮುಂದೆ ಯಾವ ಎಕ್ಸ್‌ಪ್ರೆಶನ್ ಬೇಕಾದರೂ ಬರೆಯಬಹುದು ಅಂತಾಯಿತು.

ಈ ಚರಿತ್ರೆಯಿಂದ ನಾನು ಕಲಿತದ್ದು ಇಷ್ಟೇ. @ ಕಂಪ್ಯೂಟರಿಗೆ ಹೊಸ ಶಕ್ತಿಯನ್ನೇನೂ ಕೊಡಲಿಲ್ಲ. ಓದುವ ಮನುಷ್ಯನಿಗೆ ವಿಷಯವನ್ನು ಮೊದಲೇ ಹೇಳಿತು, ಅಷ್ಟೆ. ಆದ್ದರಿಂದ ನೀವು ಡೆಕೊರೇಟರ್ ಬರೆಯುವಾಗ ಎರಡು ನೋಡಿಕೊಳ್ಳಿ: ಅದರ ಹೆಸರು ಓದಿದ ತಕ್ಷಣ ಒಳಗೇನಾಗುತ್ತೆ ಅಂತ ತಿಳೀಬೇಕು, ಒಳಗಿನ ಫಂಕ್ಷನ್‌ನ ಹೆಸರು ಉಳೀಬೇಕು. ಮುಂದಿನ ವಿಡಿಯೋದಲ್ಲಿ ಜನರೇಟರ್ ಕಥೆ. ಸಿಗೋಣ.