ಮಿಕ್ಸಿ ಯಾರದ್ದು? ಕಂತಿನ ಸಾಮಾನಿನ ಪುಟ್ಟ ಚರಿತ್ರೆ

ಇವತ್ತಿನ ಇತಿಹಾಸ ಒಂದು ಮಿಕ್ಸಿಯಿಂದ ಶುರುವಾಗುತ್ತೆ.

2004. ನಾನು ಏಳನೇ ಕ್ಲಾಸು. ಮುಳಬಾಗಿಲಿನ ನಮ್ಮ ಬೀದಿಗೆ ಪ್ರತಿ ಶುಕ್ರವಾರ ಕಂತಿನವರು ಬರೋರು. ಅವರ ಹತ್ರ ಅಮ್ಮ ಮಿಕ್ಸಿ ತಗೊಂಡಿದ್ಲು. ವಾರಕ್ಕೆ 50 ರೂಪಾಯಿ, 40 ವಾರ. 28 ವಾರ ಸರಿಯಾಗಿ ಕಟ್ಟಿದ್ಲು. ಆಮೇಲೆ ಅಪ್ಪನಿಗೆ ಜ್ವರ, ಮೂರು ವಾರ ಕೂಲಿ ಇಲ್ಲ. ನಾಲ್ಕನೇ ಶುಕ್ರವಾರ ಆತ ಮಿಕ್ಸಿ ಎತ್ಕೊಂಡ್ರು. ಜಾರ್‌ನಲ್ಲಿ ಚಟ್ನಿ ಇತ್ತು. ಅಮ್ಮ ಹೇಳಿದ್ದು ಇಷ್ಟೇ: "ಇರಣ್ಣಾ, ಜಾರ್ ತೊಳೆದು ಕೊಡ್ತೀನಿ."

ಹಾಗಾದ್ರೆ ಕಟ್ಟಿದ 1,400 ರೂಪಾಯಿ ಎಲ್ಲಿ ಹೋಯ್ತು?

ಈ ಪ್ರಶ್ನೆ ಹಳೇದು. ಬಾಡಿಗೆ-ಖರೀದಿಯಲ್ಲಿ ಕೊನೇ ಕಂತು ಕಟ್ಟೋವರೆಗೂ ಸಾಮಾನು ಕೊಟ್ಟವನದ್ದೇ. ಇಂಗ್ಲೆಂಡಿನಲ್ಲೂ ಬಡವರ ಮನೆಯ ಮಂಚ, ಮೇಜು ಹೀಗೇ ಹೋಗ್ತಿದ್ವು. ಎಲೆನ್ ವಿಲ್ಕಿನ್ಸನ್ ಅನ್ನೋ ಸಂಸದೆ ಹಟ ಹಿಡಿದು 1938ರಲ್ಲಿ ಕಾನೂನು ತಂದರು: ಬೆಲೆಯ ಮೂರನೇ ಒಂದು ಭಾಗ ಕಟ್ಟಿದ ಮೇಲೆ, ಕೋರ್ಟ್ ಆದೇಶವಿಲ್ಲದೆ ಸಾಮಾನು ಮುಟ್ಟುವಂತಿಲ್ಲ.

ನಮ್ಮಲ್ಲೂ ಅಂಥದ್ದೊಂದು ಬಂತು. 1972ರ ಬಾಡಿಗೆ-ಖರೀದಿ ಕಾಯ್ದೆ. ಬೆಲೆ 15,000 ರೂಪಾಯಿಗಿಂತ ಕಡಿಮೆ ಇದ್ದು ಅರ್ಧ ಕಟ್ಟಿದ್ರೆ, ಮಾಲೀಕ ಕೋರ್ಟಿಗೇ ಹೋಗ್ಬೇಕು. ಸಂಸತ್ತು ಪಾಸ್ ಮಾಡ್ತು, ಆದ್ರೆ ಒಂದು ದಿನವೂ ಜಾರಿಗೆ ಬರಲಿಲ್ಲ. 2005ರಲ್ಲಿ ರದ್ದೇ ಆಯ್ತು, ನಮ್ಮ ಮಿಕ್ಸಿ ಹೋದ ಮುಂದಿನ ವರ್ಷ. ಅಮ್ಮನ ಕಂತಿನ ಕಾರ್ಡು ಕೋರ್ಟಲ್ಲಿ ನಿಲ್ತಿತ್ತೋ ಇಲ್ವೋ, ತಟ್ಟೋಕೆ ಒಂದು ಬಾಗಿಲಾದ್ರೂ ಇರ್ತಿತ್ತು.

ರಾಜ್ಯದಲ್ಲಿ ದೇವರಾಜ ಅರಸು ಕಾಲದ 1976ರ ಋಣಪರಿಹಾರ ಕಾಯ್ದೆ ಬಡವರ ಸಾಲ ಮನ್ನಾ ಮಾಡಿ, ಒತ್ತೆ ಇಟ್ಟ ಒಡವೆ, ಪಾತ್ರೆ ವಾಪಸ್ ಕೊಡಬೇಕು ಅಂತು. ಆದ್ರೆ ಕೈಸಾಲಗಾರ ಹೋದ ಜಾಗಕ್ಕೆ ಕಂಪನಿ ಬಂತು. ಒಬ್ಬಳೇ ಹೆಂಗಸಿಗೆ ಮೂರ್ನಾಲ್ಕು ಕಡೆ ಸಾಲ. 2009ರಲ್ಲಿ ಕೋಲಾರ ಪಟ್ಟಣದಲ್ಲಿ ಅದು ಸಿಡೀತು. ಮುಸ್ಲಿಂ ಹೆಣ್ಣುಮಕ್ಕಳು ಕಂತು ಕಟ್ಟೋದು ನಿಲ್ಲಿಸಿದ್ರು, ಅಂಜುಮನ್ ಸಮಿತಿ ಅವರ ಬೆನ್ನಿಗಿತ್ತು. ವಿದೇಶಿ ಪತ್ರಿಕೆಗಳೂ ಬರೆದವು. ಮುಂದಿನ ವರ್ಷ ಪಕ್ಕದ ಆಂಧ್ರ ಕಾನೂನು ತಂತು.

ನಮಗೆ ಬಂದಿದ್ದು 2025ರ ಫೆಬ್ರವರಿಯಲ್ಲಿ, ಸುಗ್ರೀವಾಜ್ಞೆಯಾಗಿ. ಸಾಲ ವಸೂಲಿಗೆ ಬಲವಂತ ಮಾಡಿದ್ರೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಸಾಮಾನಿಗೆ ಕೈ ಹಾಕೋದು, ಸರ್ಕಾರಿ ಸೌಲಭ್ಯದ ದಾಖಲೆ ಕಿತ್ಕೊಳ್ಳೋದು ಕೂಡ ಬಲವಂತವೇ. ಇದು ಮುಖ್ಯ. ಯಾಕಂದ್ರೆ ಗೃಹಲಕ್ಷ್ಮಿಯ 2,000 ರೂಪಾಯಿ ಯಾವಾಗ ಬೀಳುತ್ತೆ ಅನ್ನೋದು ಕಂತಿನವರಿಗೂ ಗೊತ್ತು.

ಇನ್ನೊಂದು ನೆನಪಿಡಿ. ಕಿರುಸಾಲದ ಬಗ್ಗೆ ರಿಸರ್ವ್ ಬ್ಯಾಂಕಿನ 2022ರ ನಿಯಮ ಇದೆ: ಬೆಳಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ವಸೂಲಿಗೆ ಕರೆ ಮಾಡುವಂತಿಲ್ಲ. ಎಲ್ಲಾ ಸಾಲದ ಕಂತು ಸೇರಿ ಮನೆಯ ತಿಂಗಳ ಆದಾಯದ ಅರ್ಧ ದಾಟಬಾರದು.

ಆದ್ರೆ ಮಾವು ವರ್ಷಕ್ಕೊಮ್ಮೆ. ಶ್ರೀನಿವಾಸಪುರದ ತೋಟದ ಕೂಲಿಗಾಗಲಿ, ಮಾಲೂರಿನ ಹೆಂಚಿನ ಕೆಲಸಕ್ಕಾಗಲಿ ಮಳೆ, ಕಾಯಿಲೆ ಅಡ್ಡ ಬರುತ್ತೆ. ಕಂತು ಮಾತ್ರ ವಾರಕ್ಕೊಮ್ಮೆ, ತಪ್ಪದೆ. ಈ ಎರಡು ಕ್ಯಾಲೆಂಡರ್‌ಗಳ ಜಗಳವನ್ನ ಯಾವ ಕಾನೂನೂ ಇನ್ನೂ ಬಿಡಿಸಿಲ್ಲ.

ಅಮ್ಮ ಈಗಲೂ ಏನೇ ತಗೊಂಡ್ರೂ ನಗದು. ಮೊನ್ನೆ ಕೇಳ್ದೆ, ಯಾಕಮ್ಮಾ ಅಂತ. "ಕೊನೇ ಕಂತು ಕಟ್ಟೋವರೆಗೂ ನಿದ್ದೆ ಬರಲ್ಲ ಕಣೋ" ಅಂದ್ಲು.

ನಿಮ್ಮ ಮನೇಲಿ ಕಂತಿನ ಕಾರ್ಡ್ ಇದ್ರೆ, ಇವತ್ತು ಒಂದು ಫೋಟೋ ತೆಗೆದು ಇಟ್ಕೊಳ್ಳಿ. ಮತ್ತೆ ಸಿಗೋಣ.