ಒಡಿಕತ್ತಿ: ರಚನೆ ಮತ್ತು ಇತಿಹಾಸ

ಒಡಿಕತ್ತಿ ಕೊಡವರ ಸಾಂಪ್ರದಾಯಿಕ ಯುದ್ಧಗತ್ತಿ. ಆಯುಧಕತ್ತಿ ಎಂಬ ಹೆಸರೂ ಇದೆ. ಅಲಗು ತುದಿಯತ್ತ ಅಗಲವಾಗುತ್ತ ಮುಂದಕ್ಕೆ ಬಾಗುತ್ತದೆ, ಹರಿತ ಒಳಬಾಗಿನಲ್ಲಿದೆ. ನೇಪಾಳದ ಖುಕುರಿಯಲ್ಲೂ ಇದೇ ಲಕ್ಷಣ ಕಾಣುವುದರಿಂದ ಎರಡನ್ನೂ ಒಂದೇ ಮೂಲಕ್ಕೆ, ಕೆಲವರಂತೂ ಅಲೆಕ್ಸಾಂಡರನ ಕಾಲದ ಗ್ರೀಕ್ ಕೊಪಿಸ್ ಕತ್ತಿಗೆ, ಜೋಡಿಸುತ್ತಾರೆ. ಅಲಗನ್ನಷ್ಟೇ ನೋಡಿದವರಿಗೆ ಇದು ಸರಿಯೆನಿಸಬಹುದು. ಕತ್ತಿಯನ್ನು ಸೊಂಟದಲ್ಲಿ ಹೊರುವ ಏರ್ಪಾಟು ಮಾತ್ರ ಬೇರೆಯೇ ಕಥೆ ಹೇಳುತ್ತದೆ. ಖುಕುರಿಯ ಒರೆ ಮರದ ಎರಡು ಹೋಳುಗಳನ್ನು ಕೂಡಿಸಿ ಚರ್ಮ ಹೊದಿಸಿದ್ದು. ತುದಿಗೆ ಸಾಮಾನ್ಯವಾಗಿ ಲೋಹದ ಕವಚ, ಹಿಂಬದಿಯಲ್ಲಿ ಎರಡು ಕಿರುಸಾಧನಗಳಿಗೆ ಜಾಗ. ಅವುಗಳಲ್ಲಿ ಕರ್ದಾ ಪುಟ್ಟ ಚಾಕು, ಚಕ್‌ಮಕ್ ಅಲಗಿನ ಹರಿತ ಸರಿಪಡಿಸಲು ಮತ್ತು ಕಿಡಿ ಹೊತ್ತಿಸಲು. ಒಡಿಕತ್ತಿಗೆ ಒರೆಯೇ ಇಲ್ಲ. ಬೆನ್ನ ಹಿಂದೆ ಸೊಂಟಪಟ್ಟಿಗೆ ಕೂರಿಸಿದ ತೊಡಂಗ್ ಎಂಬ ಹಿತ್ತಾಳೆಯ ಕೊಂಡಿಯ ಸೀಳಿನಲ್ಲಿ ಬರಿಯ ಅಲಗನ್ನೇ ತೂರಿಸುತ್ತಾರೆ. ತುದಿ ಇಷ್ಟು ಅಗಲವಿರುವ ಕತ್ತಿಗೆ ಒರೆ ಮಾಡಿದರೆ ಅದರ ಬಾಯಿಯನ್ನೂ ಅಷ್ಟೇ ಅಗಲ ಮಾಡಬೇಕು. ತೊಡಂಗ್ ಆ ತೊಡಕನ್ನೇ ತಪ್ಪಿಸುತ್ತದೆ.

ಚರ್ಮ, ಮರ ಕೊಡಗಿನ ಮಳೆಗೆ ಕೊಳೆತು ಹಳೆಯ ಒರೆಗಳು ಅಳಿದಿರಬಹುದಲ್ಲ ಎಂದು ಕೇಳಬಹುದು. ಆದರೆ ಕೊಡವರ ಅದೇ ಸಾಂಪ್ರದಾಯಿಕ ಉಡುಗೆಯಲ್ಲಿ, ಮುಂದೆ ಸೊಂಟಕ್ಕೆ ಸುತ್ತಿದ ಚೇಲೆ ಎಂಬ ವಸ್ತ್ರಕ್ಕೆ ಸಿಕ್ಕಿಸುವ ಪೀಚೆಕತ್ತಿ ಎಂಬ ಕಿರುಗತ್ತಿಗೆ ಬೆಳ್ಳಿಯ ಕಟ್ಟು ಹಾಕಿದ ಮರದ ಒರೆಯಿದೆ. ಅದರ ಸರಪಣಿಗೆ ಕಿವಿಗುಗ್ಗೆ ತೆಗೆಯುವ ಕಡ್ಡಿ, ಚಿಮಟದಂಥವು ತೂಗುತ್ತವೆ. ಒರೆ ಮಾಡುವ ಕಸುಬು ಬಲ್ಲವರೇ ಒಡಿಕತ್ತಿಯನ್ನು ಬರಿದಾಗಿ ಬಿಟ್ಟಿದ್ದಾರೆ. ಮೇಲಾಗಿ ಈ ಬಳಕೆಯ ಸರಣಿ ಕಡಿದಿಲ್ಲ. 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡರೂ 1861ರಲ್ಲಿ ಬ್ರಿಟಿಷ್ ಆಡಳಿತಾಧಿಕಾರಿ ಮಾರ್ಕ್ ಕಬ್ಬನ್ ಕೊಡವರಿಗೆ ಶಸ್ತ್ರ ಕಾನೂನಿನಿಂದ ವಿನಾಯಿತಿ ಕೊಟ್ಟ. ಆಯುಧ ಮನೆಗಳಲ್ಲೇ ಉಳಿಯಿತು. ಮದುವೆಯಲ್ಲಿ ಬಾಳೆದಿಂಡು ಕಡಿಯಲು ಅದು ಇಂದಿಗೂ ಹೊರಬರುತ್ತದೆ, ಕೈಲ್ ಮುಹೂರ್ತ ಎಂಬ ಆಯುಧಹಬ್ಬದಲ್ಲಿ ಪೂಜೆಗೊಳ್ಳುತ್ತದೆ. 

ಒಡಿಕತ್ತಿ, ಖುಕುರಿಗಳ ಮೂಲ ಬೇರೆಯಾದರೆ ಅಲಗು ಒಂದೇ ತೆರನಾಗಿದ್ದು ಹೇಗೆ? ಕಾಡು ಸವರುವ ಮಚ್ಚು ಎರಡೂ ಕಡೆ ಬೇಕಿತ್ತು. ಒಳಬಾಗಿದ ಹರಿತ ಕೊಂಬೆಯನ್ನು ಜಾರಗೊಡದೆ ಹಿಡಿಯುತ್ತದೆ, ಮುಂದಿನ ಭಾರ ಏಟಿಗೆ ಬಲ ಕೊಡುತ್ತದೆ. ಇದಕ್ಕೆ ಗ್ರೀಕರ ನೆರವು ಬೇಕಿಲ್ಲ. ಮಲಬಾರಿನಲ್ಲೂ ಇಂಥ ಕತ್ತಿಗಳಿದ್ದುದರಿಂದ ಒಡಿಕತ್ತಿಯ ನೆಂಟಸ್ತಿಕೆಯನ್ನು ಹಿಮಾಲಯಕ್ಕಿಂತ ಮೊದಲು ಘಟ್ಟದ ಕೆಳಗೆ ಹುಡುಕುವುದೇ ಸರಿ.